ಅಜ್ಜಿಗೂ ಒಂದು ದಿನ ವಾರ್ಡು ತೋರಿಸಿ

ದಿನ ತುಂಬುವ ಮುಂಚೆ ಮಗು ಹುಟ್ಟಿದ ಮನೆಯವರಿಗೆಲ್ಲ ತೂಕದ ಹುಚ್ಚು ಹಿಡಿದಿರುತ್ತದೆ. ನಮಗೂ ಹಿಡಿದಿತ್ತು. ನನ್ನ ಮಗಳು 31 ವಾರಕ್ಕೇ ಹುಟ್ಟಿದಳು, 1,310 ಗ್ರಾಂ. ಬೆಳಿಗ್ಗೆ ಸಿಸ್ಟರ್ ತೂಕ ಹಾಕಿ ಬರೆದುಕೊಂಡ ಸ್ವಲ್ಪ ಹೊತ್ತಿಗೇ ಆ ಅಂಕಿ ಹಾಸನದಿಂದ ಅರಸೀಕೆರೆಯ ತವರಿಗೆ, ಅಲ್ಲಿಂದ ಬೆಂಗಳೂರಿನ ನಾದಿನಿ ಮನೆಗೆ, ಆಮೇಲೆ ಫ್ಯಾಮಿಲಿ ಗ್ರೂಪಿಗೆ ಹೋಗಿಬಿಡುತ್ತಿತ್ತು. ಇಪ್ಪತ್ತು ಗ್ರಾಂ ಏರಿದರೆ ಎಲ್ಲರಿಗೂ ಹಬ್ಬ. ಹತ್ತು ಗ್ರಾಂ ಇಳಿದರೆ "ಹಾಲು ಸಾಲ್ತಿಲ್ಲ ಅನ್ಸುತ್ತೆ" ಅಂತ ನನ್ನ ಕಡೆಗೆ ಒಂದು ಮಾತು. ಎಲ್ಲರ ತಲೆಯಲ್ಲೂ ಇದ್ದಿದ್ದು ಒಂದೇ ಲೆಕ್ಕ. ಇಷ್ಟು ಗ್ರಾಂ ಆದರೆ ಮನೆ.

ಡಾಕ್ಟರ್ ಮೇಡಂ ಲೆಕ್ಕ ಬೇರೆ ಇತ್ತು. ತೂಕ ದಿನಾ ಏರ್ತಿರಬೇಕು, ಸರಿ. ಆದರೆ ಅದೊಂದೇ ಸಾಲದು. ವಾರ್ಮರ್ ಇಲ್ಲದೆ, ಬರೀ ಬಟ್ಟೆ ಹೊದಿಕೆಯಲ್ಲೇ ಮಗು ತನ್ನ ಮೈ ಬಿಸಿ ಉಳಿಸಿಕೊಳ್ಳಬೇಕು. ಮೂಗಿನ ಟ್ಯೂಬು ಬಿಟ್ಟು ಪೂರ್ತಿ ಹಾಲನ್ನು ಬಾಯಿಂದಲೇ ಕುಡಿಯಬೇಕು. ಮತ್ತೆ, ಉಸಿರಾಡೋದನ್ನು ಮರೆಯಬಾರದು. ಮರೆಯೋದು ಅಂದರೆ ನಿಜವಾಗಿಯೂ ಮರೆಯೋದೇ. ಇಷ್ಟು ಬೇಗ ಹುಟ್ಟಿದ ಮಕ್ಕಳ ಮಿದುಳಿಗೆ ಉಸಿರಾಟ ಇನ್ನೂ ರೂಢಿಯಾಗಿರುವುದಿಲ್ಲ. ನಿದ್ದೆಯಲ್ಲಿ ಉಸಿರು ಹಾಗೇ ನಿಂತುಬಿಡುತ್ತದೆ. ಅದಕ್ಕೆ ಕೊಡುವ ಔಷಧಿ ಕೆಫೀನ್. ಹೌದು, ಕಾಫಿಯಲ್ಲಿರುವ ಅದೇ ಕೆಫೀನ್. "ಹಾಸನದ ಮಗು ಅಲ್ವಾ, ಹುಟ್ತಾನೇ ಕಾಫಿ ಶುರು ಮಾಡಿದಾಳೆ" ಅಂತ ನನ್ನ ಗಂಡ ಅಂದಾಗ ನನಗೆ ನಗು ಬರಲಿಲ್ಲ. ಈಗ ಬರುತ್ತದೆ. ಆ ಔಷಧಿ ನಿಲ್ಲಿಸಿದ ಮೇಲೆ ಐದರಿಂದ ಏಳು ದಿನ ಒಮ್ಮೆಯೂ ಉಸಿರು ನಿಲ್ಲದೆ ಇದ್ದರೆ ಮಾತ್ರ ಮನೆಯ ಮಾತು ಎತ್ತುತ್ತಾರೆ.

ಇದನ್ನೆಲ್ಲ ಡಾಕ್ಟರುಗಳು ಚೆನ್ನಾಗಿಯೇ ಹೇಳುತ್ತಾರೆ. ನಾನು ಬರೆಯಬೇಕು ಅಂದುಕೊಂಡಿದ್ದು ಬೇರೆ ವಿಷಯ. ಡಿಸ್ಚಾರ್ಜಿಗೆ ಮುಂಚೆ ಆಸ್ಪತ್ರೆಯವರು ಪಾಠ ಹೇಳುವುದು ತಾಯಿಗೆ. ನಮ್ಮ ಕಡೆ ಮನೆಗಳಲ್ಲಿ ಬಾಣಂತಿಯ ಮಾತು ಎಷ್ಟು ನಡೆಯುತ್ತೆ ಹೇಳಿ? ಅವಳು ಏನು ತಿನ್ನಬೇಕು, ಎಷ್ಟು ನೀರು ಕುಡಿಯಬೇಕು ಅನ್ನೋದನ್ನೂ ಬೇರೆಯವರೇ ತೀರ್ಮಾನ ಮಾಡಿರುತ್ತಾರೆ. ಮಗುವಿಗೆ ನೀರು ಹಾಕುವುದು, ಹೊಗೆ ಹಾಕುವುದು, ಮಲಗಿಸುವುದು, ಯಾರು ಬಂದರೆ ಯಾರ ಕೈಗೆ ಕೊಡುವುದು, ಎಲ್ಲ ಬಾಣಂತನ ಮಾಡುವವರ ಕೈಯಲ್ಲಿ. ಪಾಠ ಕಲಿತವಳು ಮಂಚದ ಮೇಲಿರುತ್ತಾಳೆ. ಪಾಠ ಕೇಳದವರು ಮಗುವನ್ನು ಎತ್ತಿಕೊಂಡಿರುತ್ತಾರೆ. "ಡಾಕ್ಟ್ರು ಬೇಡ ಅಂದಿದ್ದಾರೆ" ಅಂತ ಮಲಗಿದ ಕಡೆಯಿಂದ ಕೂಗಿದರೆ, "ನಿನ್ನನ್ನೂ ಹೀಗೇ ಸಾಕಿದ್ದು ಕಣೇ" ಅನ್ನುವ ಉತ್ತರ ರೆಡಿ ಇರುತ್ತದೆ. ಅದಕ್ಕೆ ಎದುರು ಮಾತು ಯಾರ ಹತ್ತಿರವೂ ಇಲ್ಲ.

ನಮ್ಮ ವಾರ್ಡಿನಲ್ಲಿ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಮಗುವನ್ನು ಐಸಿಯುನಿಂದ ತಾಯಂದಿರ ವಾರ್ಡಿಗೆ ತಂದ ದಿನವೇ ಕೇಳಿದರು. "ಮನೇಲಿ ಮಗು ನೋಡ್ಕೊಳ್ಳೋದು ಯಾರಮ್ಮ?" "ನಮ್ಮ ಅಮ್ಮ" ಅಂದೆ. "ಹಾಗಾದ್ರೆ ನಾಳೆಯಿಂದ ಅವರನ್ನ ಕರ್ಕೊಂಡು ಬಾ. ನಿನಗೆ ಹೇಳಿ ಏನು ಪ್ರಯೋಜನ?"

ಅಮ್ಮ ಬಂದಳು. ಮೊದಲ ಜಗಳ ಬಾಗಿಲಲ್ಲೇ ಆಯಿತು, ಬಳೆಗೆ. ಮೊಳಕೈವರೆಗೆ ಸೋಪು ಹಾಕಿ ಕೈ ತೊಳೆಯಬೇಕು, ಉಂಗುರ ಬಳೆ ತೆಗೆಯಬೇಕು ಅಂತ ರೂಲು. "ಮುತ್ತೈದೆ ಬರಿಗೈಲಿ ಮೊಮ್ಮಗಳನ್ನ ಮುಟ್ಟೋದಾ?" ಅಂತ ಅಮ್ಮ ನಿಂತೇ ಬಿಟ್ಟಳು. ಸಿಸ್ಟರ್ ವಾದ ಮಾಡಲಿಲ್ಲ. ತಮ್ಮ ಎರಡೂ ಕೈ ಮುಂದೆ ಚಾಚಿ ತೋರಿಸಿದರು. "ನಾನೂ ಮುತ್ತೈದೆನೇ ಅಮ್ಮ. ಮನೆಗೆ ಹೋದ್ಮೇಲೆ ಹಾಕ್ಕೋತೀನಿ. ಬಳೆ ಸಂದಿಲಿ ಕೊಳೆ ಕೂತಿರುತ್ತೆ, ಸೋಪು ಹೋಗಲ್ಲ." ಅಮ್ಮ ಸೋಪಿನ ನೊರೆಯಲ್ಲೇ ಒಂದೊಂದಾಗಿ ಗಾಜಿನ ಬಳೆ ಜಾರಿಸಿ, ಕರ್ಚೀಫಿನಲ್ಲಿ ಗಂಟು ಕಟ್ಟಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಉಗುರು ಕಂಡ ಸಿಸ್ಟರ್ ಕತ್ತರಿಯನ್ನೂ ಕೊಟ್ಟರು. ಅದಕ್ಕೆ ಮಾತ್ರ ಏನೂ ಅನ್ನಲಿಲ್ಲ.

ಅಮ್ಮನನ್ನು ಗೆದ್ದಿದ್ದು ಒಳಲೆ. ನಮ್ಮ ಮಗಳಿಗೆ ಎದೆಹಾಲು ಚೀಪುವಷ್ಟು ಶಕ್ತಿ ಇನ್ನೂ ಪೂರ್ತಿ ಬಂದಿರಲಿಲ್ಲ. ಚೀಪೋದು, ನುಂಗೋದು, ಉಸಿರಾಡೋದು ಮೂರೂ ಒಂದಕ್ಕೊಂದು ಹೊಂದಿಕೊಳ್ಳುವುದು 34 ವಾರದ ಆಸುಪಾಸಿನಲ್ಲಿ. ಅಲ್ಲಿವರೆಗೆ, ಆಮೇಲೆ ಕೂಡ ಸ್ವಲ್ಪ ದಿನ, ಹಾಲು ಹಿಂಡಿ ಕುಡಿಸಬೇಕು. ಬಾಟಲಿ ಬೇಡ ಅಂದಿದ್ದರು. ಸಿಸ್ಟರ್ ಸ್ಟೀಲಿನ ಒಂದು ಪುಟ್ಟ ಪಾತ್ರೆ ತೆಗೆದರು. ಚಪ್ಪಟೆ, ಒಂದು ಕಡೆ ಉದ್ದನೆ ಮೂತಿ. ಅಮ್ಮನ ಮುಖ ಅರಳಿತು. "ಇದು ಒಳಲೆ ಅಲ್ವಾ! ನಮ್ಮನೇಲಿ ಬೆಳ್ಳೀದೇ ಇದೆ. ಇವಳಿಗೆ ಕುಡಿಸಿದ್ದು." ಅಷ್ಟು ಹೊತ್ತು ಮೆಷಿನ್ನುಗಳ ಮಧ್ಯೆ ಮುದುಡಿ ನಿಂತಿದ್ದವಳು ಕೈ ಚಾಚಿ ಇಸಿದುಕೊಂಡಳು.

ಆದರೆ ಅಮ್ಮನ ಕ್ರಮ ಬೇರೆ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆ ಬಾಯೊಳಗಿಟ್ಟು ಸುರಿಯೋದು. ತುಂಬಿದ ತಿಂಗಳ ಮಗುವಿಗೇ ಅದು ಒಳ್ಳೆಯದಲ್ಲ, ಇಂಥ ಮಗುವಿಗೆ ಹಾಲು ಶ್ವಾಸನಾಳಕ್ಕೆ ಹೋಗಿಬಿಡಬಹುದು. ಸಿಸ್ಟರ್ ಮಗುವನ್ನು ಚೆನ್ನಾಗಿ ಎಬ್ಬಿಸಿ, ತಲೆ ಎತ್ತರದಲ್ಲಿ ಬರುವ ಹಾಗೆ ಅಮ್ಮನ ತೊಡೆಯ ಮೇಲೆ ಕೂರಿಸಿದಂತೆ ಹಿಡಿಸಿದರು. ಒಳಲೆಯ ಮೂತಿ ಕೆಳತುಟಿಯ ಮೂಲೆಗೆ ತಾಗಬೇಕು. ಹಾಲು ತುಟಿಯವರೆಗೆ ಬಂದು ನಿಲ್ಲುವಷ್ಟೇ ಬಾಗಿಸಬೇಕು. "ನೀವು ಸುರೀಬೇಡಿ. ಅವಳೇ ಎಳ್ಕೊಳ್ಳಲಿ. ನುಂಗಿದ್ದು ಗಂಟಲಲ್ಲಿ ಕಾಣುತ್ತೆ ನೋಡಿ. ಕಂಡ ಮೇಲೆ ಮುಂದಿನ ಗುಟುಕು." ಅಮ್ಮ ಉಸಿರು ಬಿಗಿ ಹಿಡಿದು ಕಾದಳು. ಮಗಳ ಪುಟಾಣಿ ನಾಲಿಗೆ ಹೊರಗೆ ಬಂತು, ತುಟಿ ಸವರಿತು, ಗಂಟಲು ಒಮ್ಮೆ ಅಲ್ಲಾಡಿತು. ಒಂದು ಗುಟುಕು. ಆಮೇಲೆ ಸುಮಾರು ಹೊತ್ತು ಏನೂ ಇಲ್ಲ. ಮತ್ತೆ ಒಂದು. ಇಪ್ಪತ್ತೈದು ಎಂಎಲ್ ಹಾಲಿಗೆ ಅರ್ಧ ಗಂಟೆ. ನನ್ನ ಕೈ ಹತ್ತು ನಿಮಿಷಕ್ಕೇ ನಡುಗುತ್ತಿತ್ತು. ಅಮ್ಮನ ಕೈ ಅಲ್ಲಾಡಲಿಲ್ಲ. ಮರುದಿನ ಪಕ್ಕದ ಬೆಡ್ಡಿನ ಹುಡುಗಿಗೆ ಅಮ್ಮನೇ ಪಾಠ ಹೇಳುತ್ತಿದ್ದಳು. "ಸುರೀಬೇಡ್ವೇ, ಅವನೇ ಎಳ್ಕೋತಾನೆ."

ಹಾಲಿನ ವಿಷಯ ಬಂದಿದ್ದಕ್ಕೆ ಒಂದು ಮಾತು. ಬೇಗ ಹೆರಿಗೆಯಾದವರಿಗೆ ಹಾಲು ಇಳಿಯುವುದು ತಡವಾಗಬಹುದು. ಅದು ಯಾರ ತಪ್ಪೂ ಅಲ್ಲ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಹಿಂಡುತ್ತಲೇ ಇರಬೇಕು. ಅಷ್ಟರಲ್ಲಿ ಬೇರೆ ತಾಯಂದಿರು ದಾನ ಕೊಟ್ಟ ಹಾಲನ್ನು ಪಾಶ್ಚರೀಕರಿಸಿ ಕೊಡುವ ಹಾಲಿನ ಬ್ಯಾಂಕುಗಳಿವೆ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಶುರುವಾಗಿತ್ತು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಬಂತು. ನಿಮ್ಮ ಊರಿಗೆ ಹತ್ತಿರ ಯಾವುದಾದರೂ ಇದೆಯಾ ಅಂತ ಸುಮ್ನೆ ಕೇಳಿ ನೋಡಿ. ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಇನ್ನು ಮಾನಿಟರ್. ಐಸಿಯುನಲ್ಲಿ ಕೂತ ಅಪ್ಪ ಅಮ್ಮಂದಿರು ಮಗುವನ್ನು ನೋಡುವುದೇ ಇಲ್ಲ, ಪರದೆ ನೋಡುತ್ತಾರೆ. ನಾವೂ ಅದೇ. ಆಕ್ಸಿಜನ್ ಅಂಕಿ 93, 91, 94. ಎಂಬತ್ತರ ಕೆಳಗೆ ಇಳಿದು ಕೂಗಿಕೊಂಡರೆ ಎದೆ ಧಸಕ್ ಅನ್ನುತ್ತದೆ. ಮನೆಗೆ ಹೋಗುವ ದಿನ ಹತ್ತಿರ ಬಂದ ಹಾಗೆ ನನ್ನ ದೊಡ್ಡ ಹೆದರಿಕೆ ಅದೇ ಆಗಿತ್ತು. ಮನೆಯಲ್ಲಿ ಪರದೆ ಇರಲ್ಲವಲ್ಲ! ಆನ್‌ಲೈನಿನಲ್ಲಿ ಕಾಲಿಗೆ ಕಟ್ಟುವ ಯಂತ್ರಗಳನ್ನು ಹುಡುಕಿದ್ದೂ ಆಯಿತು. ಮೇಡಂ ಬೇಡವೇ ಬೇಡ ಅಂದರು. ಸುಮ್ಮಸುಮ್ಮನೆ ಕೂಗಿಕೊಂಡು ನಿಮ್ಮ ನಿದ್ದೆ ಕೆಡಿಸುತ್ತದೆ ಅಷ್ಟೇ ಅಂತ.

ಒಂದು ಸಂಜೆ ಸಿಸ್ಟರ್ ಬಂದವರೇ ಮಾನಿಟರಿನ ಮುಖವನ್ನು ಗೋಡೆ ಕಡೆ ತಿರುಗಿಸಿದರು. "ಈಗ ಹೇಳಿ, ಮಗು ಹೇಗಿದೆ?" ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. ಉತ್ತರ ಹೇಳಿದ್ದು ಅಮ್ಮ. "ತುಟಿ ಕೆಂಪಗಿದೆ. ಪಕ್ಕೆ ಸೆಳೀತಿಲ್ಲ. ಉಸಿರು ಸಮ ಇದೆ. ಚೆನ್ನಾಗಿದ್ದಾಳೆ." ಅವಳಿಗೆ ಆ ಅಂಕಿಗಳು ಯಾವತ್ತೂ ಅರ್ಥವಾಗಿರಲಿಲ್ಲ. ಹಾಗಾಗಿ ಮೊದಲಿನಿಂದಲೂ ಮಗುವನ್ನೇ ನೋಡುತ್ತಿದ್ದಳು.

ಮೈ ಬಿಸಿ ನೋಡುವುದನ್ನೂ ಅವತ್ತೇ ಕಲಿಸಿದರು. ಕೈಯ ಹಿಂಭಾಗದಿಂದ ಮೊದಲು ಹೊಟ್ಟೆ ಮುಟ್ಟಬೇಕು, ಆಮೇಲೆ ಅಂಗಾಲು. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಮಗುವಿಗೆ ಚಳಿ ಹತ್ತುತ್ತಿದೆ, ಕೂಡಲೇ ಎದೆಗೆ ಹಾಕಿಕೊಳ್ಳಬೇಕು. ಎರಡೂ ತಣ್ಣಗಾಗಿದ್ದರೆ ಅಪಾಯ, ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಬೇಕು. ಥರ್ಮಾಮೀಟರ್ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಕರೆಂಟು ಹೋದಾಗ ಕೈಗೆ ಬರುವುದು ಕೈಯೇ.

ಎದೆಗೆ ಹಾಕಿಕೊಳ್ಳುವುದು ಅಂದೆನಲ್ಲ, ಅದನ್ನು ಆಸ್ಪತ್ರೆಯಲ್ಲಿ ಕಾಂಗರೂ ಕೇರ್ ಅನ್ನುತ್ತಾರೆ. ಮಗುವಿಗೆ ಬರೀ ಟೋಪಿ, ಕಾಲುಚೀಲ, ಡೈಪರ್. ದೊಡ್ಡವರ ಬರಿ ಎದೆಗೆ ಮಗುವಿನ ಬರಿ ಎದೆ ತಾಗಿಸಿ, ನೆಟ್ಟಗೆ ನಿಲ್ಲಿಸಿದ ಹಾಗೆ ಇಟ್ಟು ಬಟ್ಟೆ ಸುತ್ತುವುದು. ಕುತ್ತಿಗೆ ಮಡಚಬಾರದು, ಮುಖ ಒಂದು ಪಕ್ಕಕ್ಕೆ. ಇದು ಶುರುವಾಗಿದ್ದು ಕೊಲಂಬಿಯಾದ ಬೊಗೋಟಾದಲ್ಲಿ, 1978ರಲ್ಲಿ. ಇನ್‌ಕ್ಯುಬೇಟರ್ ಸಾಲದೆ ಒಂದರಲ್ಲಿ ಎರಡು ಮೂರು ಮಕ್ಕಳನ್ನು ಮಲಗಿಸುತ್ತಿದ್ದ ಆಸ್ಪತ್ರೆಯಲ್ಲಿ ಎಡ್ಗರ್ ರೇ ಸನಾಬ್ರಿಯಾ ಅನ್ನುವ ಡಾಕ್ಟರು ತಾಯಿಯ ಎದೆಯೇ ಸಾಕು ಅಂದರು. ಬಡವರ ಉಪಾಯ ಅಂತ ಬಹಳ ಕಾಲ ಜನ ಅದನ್ನು ಎರಡನೇ ದರ್ಜೆಗೆ ಹಾಕಿದ್ದರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವೊಂದು ಬಂತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದಿದ್ದು. ಮಗು ಸುಧಾರಿಸಲಿ ಅಂತ ಕಾಯದೆ ಹುಟ್ಟಿದ ಕೂಡಲೇ ಹೀಗೆ ಎದೆಗೆ ಹಾಕಿದರೆ ಸಾವು ಶೇಕಡ 25ರಷ್ಟು ಕಡಿಮೆಯಾಯಿತು. ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ಮುಂದುವರಿಸುವ ದೊಡ್ಡ ಪ್ರಯತ್ನ ನಡೆದಿದೆ.

ಇದನ್ನು ತಾಯಿಯೇ ಮಾಡಬೇಕು ಅಂತಿಲ್ಲ. ಅಪ್ಪ ಮಾಡಬಹುದು, ಅಜ್ಜಿ ಮಾಡಬಹುದು. ಮನೆಗೆ ಬಂದ ಮೇಲೂ ಮಗು ಎರಡೂವರೆ ಕೆಜಿ ಆಗುವವರೆಗೆ ನಾವು ಪಾಳಿ ಹಾಕಿಕೊಂಡಿದ್ದೆವು. ಅಂಗಿ ಬಿಚ್ಚಿ ಮಗು ಕಟ್ಟಿಕೊಂಡು ಹಜಾರದಲ್ಲಿ ಕ್ರಿಕೆಟ್ ನೋಡುವ ಅಳಿಯನನ್ನು ಕಂಡು ನಮ್ಮಪ್ಪ ಮೊದಲ ದಿನ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಆಮೇಲೆ ಅವರೂ ಒಮ್ಮೆ ಕಟ್ಟಿಸಿಕೊಂಡರು, ಬಾಗಿಲು ಹಾಕಿಕೊಂಡು.

ಈಗ ಮನೆ. ಸಾಮಾನು ಪಟ್ಟಿ ಬರೆಯುವುದಿಲ್ಲ, ಬೇಕಾಗಿದ್ದು ನಿಜಕ್ಕೂ ಕಡಿಮೆ. ಹಳೆ ಕಾಟನ್ ಸೀರೆ ತುಂಡುಗಳು, ಕುಲಾವಿ, ಕಾಲುಚೀಲ, ಗೋಡೆಗೆ ಒಂದು ರೂಮ್ ಥರ್ಮಾಮೀಟರ್. ಕೋಣೆ 26ರಿಂದ 28 ಡಿಗ್ರಿ ಇರಲಿ ಅಂದಿದ್ದರು. ಡಿಸೆಂಬರಿನ ಅರಸೀಕೆರೆಯಲ್ಲಿ ಅದೇನು ಸುಲಭವಲ್ಲ. ಅಮ್ಮ ಕೆಂಡದ ಅಗ್ಗಿಷ್ಟಿಕೆ ತರುವ ಯೋಚನೆಯಲ್ಲಿದ್ದಳು. ಹೊಗೆ ಯಾವ ರೂಪದಲ್ಲೂ ಬೇಡ ಅಂತ ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಕೆಂಡ, ಸಾಂಬ್ರಾಣಿ, ಊದುಬತ್ತಿ, ಸೊಳ್ಳೆ ಬತ್ತಿ, ಯಾವುದೂ. ಬೇಗ ಹುಟ್ಟಿದ ಮಗುವಿನ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಕೊನೆಗೆ ಎಣ್ಣೆ ತುಂಬಿದ ಕರೆಂಟು ಹೀಟರ್ ತಂದೆವು. ಬಿಲ್ಲು ನೋಡಿ ನಮ್ಮಪ್ಪನಿಗೆ ಚಳಿ ಬಂತು.

ಹಳೆಯದನ್ನೆಲ್ಲ ಮೂಢನಂಬಿಕೆ ಅಂತ ಒಂದೇ ಏಟಿಗೆ ತಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಾಣಂತಿ ಕೋಣೆಯನ್ನೇ ನೋಡಿ. ತಾಯಿ ಮಗು ಒಂದೇ ಕಡೆ, ಬೆಚ್ಚಗೆ, ಹೊರಗಿನವರಿಗೆ ಪ್ರವೇಶವಿಲ್ಲ. ಪುರುಡು ಅಂತ ಹತ್ತು ಹನ್ನೊಂದು ದಿನ ಯಾರೂ ಮುಟ್ಟುತ್ತಿರಲಿಲ್ಲ. ಡಾಕ್ಟರು ಕೇಳುತ್ತಿರುವುದೂ ಅದನ್ನೇ, ಸ್ವಲ್ಪ ಜಾಸ್ತಿ ದಿನ. ನಾನು ಹೀಗೆ ಹೇಳಿದಾಗ ಅಮ್ಮ ತಕ್ಷಣ ಒಪ್ಪಿದಳು. "ಇನ್‌ಫೆಕ್ಷನ್" ಅಂದಾಗ ತಲೆಗೆ ಹೋಗದಿದ್ದದ್ದು ಇದಕ್ಕೆ ಹೋಯಿತು. ಕೊಬ್ಬರಿ ಎಣ್ಣೆ ಮೆಲ್ಲಗೆ ಸವರಬಹುದು ಅಂತ ಮೇಡಂ ಅಂದಿದ್ದೂ ಅವಳಿಗೆ ಸಮಾಧಾನ ತಂದಿತು. ಎಣ್ಣೆ ಇದೆ, ನೀರು ಇಲ್ಲ. ನೀರು ಹಾಕುವುದು ಎರಡೂವರೆ ಕೆಜಿ ದಾಟಿದ ಮೇಲೆ. ಅಲ್ಲಿವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ.

ಬಜೆ, ಜೇನು, ಗ್ರೈಪ್ ವಾಟರ್, ಕಣ್ಣಿಗೆ ಕಾಡಿಗೆ ಪೂರ್ತಿ ಬಿಟ್ಟೆವು. ಜೇನು ಒಂದು ವರ್ಷದವರೆಗೆ ಯಾವ ಮಗುವಿಗೂ ಕೊಡಬಾರದು. ದೃಷ್ಟಿಬೊಟ್ಟು ಅಂಗಾಲಿಗೆ ಹೋಯಿತು. ಕಷ್ಟವಾಗಿದ್ದು ಸೀರೆಯ ಜೋಲಿ. ನಮ್ಮ ಮನೆಯಲ್ಲಿ ಎಲ್ಲರೂ ಅದರಲ್ಲೇ ಮಲಗಿ ಬೆಳೆದವರು. ಆದರೆ ಜೋಲಿಯಲ್ಲಿ ಮಗುವಿನ ಬೆನ್ನು ಬಾಗುತ್ತದೆ, ಗದ್ದ ಎದೆಗೆ ಒತ್ತುತ್ತದೆ, ಇಷ್ಟು ಸಣ್ಣ ಮಗುವಿಗೆ ಉಸಿರಿನ ದಾರಿಯೇ ಮಡಚಿಕೊಳ್ಳಬಹುದು. ಗಟ್ಟಿ ಹಾಸಿಗೆ, ಅಂಗಾತ, ದಿಂಬಿಲ್ಲದೆ. ಅಮ್ಮ ಒಂದು ವಾರ ಜೋಲಿಯ ಕೊಂಡಿ ನೋಡಿ ನಿಟ್ಟುಸಿರು ಬಿಟ್ಟಳು. ಆಮೇಲೆ ಅದಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದಳು.

ನೆಂಟರನ್ನು ತಡೆಯುವ ಕೆಲಸ ನನ್ನಿಂದ ಆಗುತ್ತಿರಲಿಲ್ಲ. ಅಮ್ಮನಿಂದ ಆಯಿತು. ದೊಡ್ಡಮ್ಮ ಚಿಕ್ಕಮಗಳೂರಿನಿಂದ ಬಸ್ಸಿಳಿದು, ಕೆಮ್ಮುತ್ತಾ ಒಳಗೆ ಬಂದರು. ಸ್ವಂತ ಅಕ್ಕನನ್ನು ಅಮ್ಮ ಹಜಾರದಲ್ಲೇ ಕೂರಿಸಿ ಕಾಫಿ ಕೊಟ್ಟು, ಮೊಬೈಲಿನಲ್ಲಿ ಮಗುವಿನ ಫೋಟೋ ತೋರಿಸಿ ಕಳಿಸಿದಳು. ನಾನು ಹಾಗೆ ಮಾಡಿದ್ದರೆ ಇವತ್ತಿಗೂ ಮಾತು ಬಿಟ್ಟಿರುತ್ತಿದ್ದರು. ಬಾಣಂತನ ಮಾಡುವವರಿಗೇ ಪಾಠ ಹೇಳಿಸಿ ಅಂತ ನಾನು ಹೇಳುವುದು ಇದಕ್ಕೇ. ನಿಮ್ಮ ಆಸ್ಪತ್ರೆಯಲ್ಲಿ ತಾಯಿಯನ್ನು ಬಿಟ್ಟು ಯಾರನ್ನೂ ಬಿಡುವುದಿಲ್ಲ ಅಂದರೆ, ಡಿಸ್ಚಾರ್ಜ್ ದಿನದ ಮಾತುಕತೆಗಾದರೂ ಅವರನ್ನು ಕೂರಿಸಿ. ಯಾವಾಗ ಓಡಿ ಬರಬೇಕು ಅನ್ನುವುದು ಅವರ ಕಿವಿಗೂ ಡಾಕ್ಟರ ಬಾಯಿಂದಲೇ ಬೀಳಲಿ. ಹಾಲು ಕುಡಿಯಲು ಏಳುತ್ತಿಲ್ಲ, ಪಕ್ಕೆ ಸೆಳೆಯುತ್ತಿದೆ, ಉಸಿರು ನಿಮಿಷಕ್ಕೆ 60ಕ್ಕಿಂತ ಜಾಸ್ತಿ, ತುಟಿ ನೀಲಿ, ಮೈ ತಣ್ಣಗೆ, ಕೈಕಾಲು ಅದುರುವುದು. ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ಕಣ್ಣಿನ ವಿಷಯ ಬರೆಯದೆ ಇದು ಮುಗಿಯುವುದಿಲ್ಲ. ಮನೆಗೆ ಬಂದ ಖುಷಿಯಲ್ಲಿ ಜನ ಮರೆಯುವುದು ಇದನ್ನೇ. ಕಣ್ಣಿನ ಹಿಂದಿನ ಪರದೆಯ ರಕ್ತನಾಳಗಳು ಬೆಳೆದು ಮುಗಿಯುವುದು ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಮಗು ಮುಂಚೆಯೇ ಹುಟ್ಟಿದರೆ ಆ ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಕೆಲವು ಮಕ್ಕಳಲ್ಲಿ ನಾಳಗಳು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಎಳೆದು ಕಿತ್ತುಬಿಡುತ್ತವೆ. ಆರ್‌ಒಪಿ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಸಮಯಕ್ಕೆ ಗೊತ್ತಾದರೆ ಲೇಸರಿನಲ್ಲಿ ತಡೆಯಬಹುದು, ತಡವಾದರೆ ದೃಷ್ಟಿಯೇ ಹೋಗುತ್ತದೆ. ನಮ್ಮ ದೇಶದಲ್ಲಿ 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ ಎರಡು ಕೆಜಿಗಿಂತ ಕಡಿಮೆ ಇರುವ ಎಲ್ಲ ಮಕ್ಕಳಿಗೂ ಹುಟ್ಟಿದ 30 ದಿನದೊಳಗೆ ಮೊದಲ ತಪಾಸಣೆ ಆಗಬೇಕು. ತುಂಬಾ ಸಣ್ಣ ಮಕ್ಕಳಿಗೆ ಅದಕ್ಕಿಂತ ಬೇಗ. ಎಷ್ಟೋ ಮಕ್ಕಳು ಅಷ್ಟರಲ್ಲಿ ಡಿಸ್ಚಾರ್ಜ್ ಆಗಿ ಊರು ಸೇರಿರುತ್ತವೆ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ಕಿಡ್‌ರಾಪ್ ಅನ್ನುವ ಯೋಜನೆಯಲ್ಲಿ ಜಿಲ್ಲೆಗಳಿಗೇ ಕ್ಯಾಮೆರಾ ತೆಗೆದುಕೊಂಡು ಹೋಗಿ ಚಿತ್ರ ತೆಗೆದು, ದೂರದಲ್ಲಿರುವ ಡಾಕ್ಟರಿಗೆ ಕಳಿಸಿ ನೋಡಿಸುತ್ತಿರುವುದು ಇಂಥ ಮಕ್ಕಳಿಗಾಗಿಯೇ. ಒಂದು ಸಲ ತೋರಿಸಿದರೆ ಮುಗಿಯಿತು ಅಂತಲೂ ಅಲ್ಲ. ನಾಳಗಳು ಪೂರ್ತಿ ಬೆಳೆದವು ಅಂತ ಅವರು ಹೇಳುವವರೆಗೆ ಕರೆದ ದಿನ ಹೋಗಲೇಬೇಕು.

ಇನ್ನು ವಯಸ್ಸಿನ ಲೆಕ್ಕ. ಲಸಿಕೆಗೆ ಹುಟ್ಟಿದ ದಿನದಿಂದಲೇ ಎಣಿಸಬೇಕು. ಕುತ್ತಿಗೆ ನಿಲ್ಲುವುದು, ಮಗುಚುವುದು, ಕೂರುವುದಕ್ಕೆ ಮಾತ್ರ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ಕಳೆದು ನೋಡಬೇಕು, ಎರಡು ವರ್ಷದವರೆಗೆ. ಪಕ್ಕದ ಮನೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಿ ಸುಸ್ತಾದವಳು ನಾನು. ಈಗ "ಸರಿ ಹೋಗ್ತಾಳೆ ಬಿಡಿ" ಅಂತ ಹೇಳಿ ಒಳಗೆ ಹೋಗುತ್ತೇನೆ.

ನಾವು ಮನೆಗೆ ಬಂದ ಮೇಲೆ ಬಿದ್ದ ಮೊದಲ ಕಣ್ಣಿನ ತಾರೀಖು ಅಮಾವಾಸ್ಯೆ. ಗೋಡೆ ಕ್ಯಾಲೆಂಡರಿನಲ್ಲಿ ಅದರ ಸುತ್ತ ಅಮ್ಮನೇ ಪೆನ್ನಿನಲ್ಲಿ ಗುಂಡಗೆ ಗೀಚಿದ್ದಳು. ಅತ್ತೆ ಫೋನ್ ಮಾಡಿ, "ಹಸುಗೂಸನ್ನ ಅಮಾವಾಸ್ಯೆ ದಿನ ಹೊಸಲು ದಾಟಿಸ್ತೀರಾ?" ಅಂತ ಕೇಳಿದರು. ಫೋನು ಸ್ಪೀಕರಿನಲ್ಲಿತ್ತು. ನಾನು ಬಾಯಿ ತೆಗೆಯುವ ಮುಂಚೆಯೇ ಅಮ್ಮ ಒಳಲೆ ಕೆಳಗಿಟ್ಟಳು. "ಅಮಾವಾಸ್ಯೆ ಮುಂದಿನ ತಿಂಗಳೂ ಬರುತ್ತೆ ಅತ್ತಿಗೆ. ಕಣ್ಣಿನ ಡಾಕ್ಟ್ರು ಇವತ್ತು ಬಿಟ್ರೆ ತಡ ಆಗುತ್ತೆ ಅಂದಿದ್ದಾರೆ. ನಾನೇ ಎದೆಗೆ ಕಟ್ಕೊಂಡು ಹೋಗ್ತಿದೀನಿ, ನೀವು ಯೋಚನೆ ಮಾಡ್ಬೇಡಿ." ಬೆಳಿಗ್ಗೆ ಏಳಕ್ಕೇ ಹಾಸನಕ್ಕೆ ಹೊರಟೆವು.